ಮನೀಷಾ ಇಲ್ಲದ ಎರಡು ಗಂಟೆ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿರುವ ಆ ಔಷಧ ಕಾರ್ಖಾನೆಯಲ್ಲಿ ನಾನೂರ ಹತ್ತು ಜನ ಕೆಲಸ ಮಾಡುತ್ತಾರೆ. ಸರ್ವರ್ ಕೋಣೆಗೆ ಎರಡು ಕೀಲಿಗಳಿವೆ. ಒಂದು ಗೇಟಿನ ಕಾವಲುಗಾರರ ಗೂಟದಲ್ಲಿ ತೂಗುತ್ತದೆ, ಇನ್ನೊಂದು ಮನೀಷಾ ಕಾಂಬಳೆಯ ಕೈಚೀಲದಲ್ಲಿರುತ್ತದೆ. ಗೂಟದ ಕೀಲಿಯಿಂದ ಬಾಗಿಲು ತೆರೆಯಬಹುದು. ಒಳಗೆ ಹೋಗಿ ಏನು ಮಾಡಬೇಕೆಂಬುದು ಮನೀಷಾಗೆ ಮಾತ್ರ ಗೊತ್ತು. ಹನ್ನೊಂದು ವರ್ಷಗಳಿಂದ ಹೀಗೇ ನಡೆದಿದೆ.

ಅವಳಿಗೆ ಈಗ ಮೂವತ್ತೆಂಟು. ತವರು ಮಂಠಾಳ, ಅಪ್ಪ ಅಂಬಾದಾಸ, ಅವ್ವ ದ್ರೌಪತಿ ಇಬ್ಬರೂ ಕೂಲಿ ಮಾಡಿ ಓದಿಸಿದವರು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ಹುಮನಾಬಾದಿನಲ್ಲೇ ಕೋಣೆ ಹುಡುಕಿದ್ದಳು. ಮೂರು ಮನೆಗಳವರು ಮೊದಲು ಊರು ಕೇಳಿದರು, ಆಮೇಲೆ ಅಡ್ಡಹೆಸರು ಕೇಳಿದರು, ಆಮೇಲೆ ಕೋಣೆ ನಿನ್ನೆಯೇ ಹೋಯಿತು ಎಂದರು. ಅವಳು ಬಸವಕಲ್ಯಾಣದಲ್ಲಿ ಕೋಣೆ ಹಿಡಿದಳು. ಅಂದಿನಿಂದ ಬೆಳಗ್ಗೆ ಏಳರ ಬಸ್ಸು, ಸಂಜೆ ಆರರ ಬಸ್ಸು.

ಕಾರ್ಖಾನೆಯಲ್ಲಿ ಊಟಕ್ಕೆ ವಿಭಾಗದವರೆಲ್ಲ ಒಟ್ಟಿಗೆ ಕೂರುವುದು ರೂಢಿ. ಲ್ಯಾಬಿನವರದು ಒಂದು ಮೇಜು, ಪ್ಯಾಕಿಂಗಿನವರದು ಎರಡು. ಐಟಿ ವಿಭಾಗವೆಂದರೆ ಮನೀಷಾ ಒಬ್ಬಳೇ. ಯಾರೂ ಬರಬೇಡವೆಂದವರಲ್ಲ. ಮೇಜಿಗೆ ಹೋಗಿ ಕೂತರೆ ಜರುಗಿ ಜಾಗ ಕೊಡುತ್ತಾರೆ, ಪ್ರಿಂಟರ್ ಯಾಕೆ ನಿಂತಿದೆ ಎಂದು ಕೇಳುತ್ತಾರೆ, ಮತ್ತೆ ತಮ್ಮ ಮಾತಿಗೆ ಮರಳುತ್ತಾರೆ. ತವರಿನಲ್ಲಿ ತಮ್ಮ ರಾಜೀವನ ಹೆಂಡತಿ ಪೂನಂ ಮೊದಮೊದಲು, ಅಕ್ಕಾ, ಅಲ್ಲಿ ದಿನವಿಡೀ ಏನು ಮಾಡುತ್ತೀರಿ ಎಂದು ವಿಚಾರಿಸುತ್ತಿದ್ದಳು. ಉತ್ತರ ಉದ್ದವಾಗತೊಡಗಿದ ಮೇಲೆ ಕೇಳುವುದನ್ನು ಬಿಟ್ಟಳು.

ಹೋದ ಮಾರ್ಚಿನ ಒಂದು ಭಾನುವಾರ ರಾಜೀವನ ಮಗ ಅಜೀತನ ಹುಟ್ಟುಹಬ್ಬಕ್ಕೆಂದು ಮನೀಷಾ ಮಂಠಾಳಕ್ಕೆ ಹೋಗಿದ್ದಳು. ಹನ್ನೊಂದೂವರೆಗೆ ಕಾರ್ಖಾನೆಯಿಂದ ಫೋನ್ ಬಂತು: ಲ್ಯಾಬಿನ ಯಂತ್ರಗಳು ಅಳೆಯುತ್ತಿವೆ, ಅಳೆದದ್ದು ಎಲ್ಲೂ ಉಳಿಯುತ್ತಿಲ್ಲ. ಅವಳು ತಟ್ಟೆ ಬಿಟ್ಟು ಎದ್ದಳು. ಎರಡು ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ಎರಡು ಗಂಟೆ ಐವತ್ತು ನಿಮಿಷ ಕಳೆದಿತ್ತು. ಒಂದು ಕೇಬಲ್ ತೆಗೆದು ಇನ್ನೊಂದು ಹಾಕಿದಳು. ಅದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಅಷ್ಟರಲ್ಲಿ ಮೂರು ಬ್ಯಾಚಿನ ಔಷಧಿಗಳ ಪರೀಕ್ಷೆಯ ದಾಖಲೆ ಹೋಗಿತ್ತು. ತಪಾಸಣೆಗೆ ಬರುವವರಿಗಾಗಿ ಲಿಖಿತ ವಿವರಣೆ ಇಡಬೇಕಾಯಿತು. 'ಜವಾಬ್ದಾರ ವ್ಯಕ್ತಿ ಸ್ಥಳದಲ್ಲಿ ಇರಲಿಲ್ಲ' ಎಂಬ ವಾಕ್ಯವನ್ನು ಬರೆದು ಸಹಿ ಹಾಕಿದವಳು ಮನೀಷಾಳೇ.

ಹಳೆಯ ವ್ಯವಸ್ಥೆಯನ್ನು ತೆಗೆದು ಹೊಸದು ತರುವುದೆಂದು ತೀರ್ಮಾನವಾಯಿತು. ಜನರಲ್ ಮ್ಯಾನೇಜರ್ ಬಸವಣಪ್ಪ ಅವಳನ್ನು ಕರೆದು, ಯಾವುದು ಬೇಕೆಂದು ನೀವೇ ಆರಿಸಿ, ನನಗೆ ಅರ್ಥವಾಗುವಂತೆ ಎರಡು ಪುಟ ಬರೆದುಕೊಡಿ, ಸಾಕು ಎಂದರು. ಹನ್ನೊಂದು ವರ್ಷಗಳಲ್ಲಿ ಅವಳ ಅಭಿಪ್ರಾಯಕ್ಕಾಗಿ ಎರಡು ಪುಟ ಮೀಸಲಾದದ್ದು ಅದೇ ಮೊದಲು.

ವಿಷಯ ಕೇಳಲು ಕಷ್ಟ, ತಿಳಿಯಲು ಅಷ್ಟಿಲ್ಲ. ದಾಖಲೆಗಳು ಉಳಿಯುವ ಡಿಸ್ಕುಗಳೆಲ್ಲ ಒಂದು ಪೆಟ್ಟಿಗೆಯಲ್ಲಿರುತ್ತವೆ. ಕೆಲಸ ಮಾಡುವ ಸರ್ವರ್‌ಗಳು ಬೇರೆ ಇರುತ್ತವೆ. ಎರಡರ ನಡುವೆ ಒಂದು ದಾರಿ ಬೇಕು. ಫೈಬರ್ ಚಾನೆಲ್ ಎಂಬುದು ಡಿಸ್ಕಿನ ಸಂಚಾರಕ್ಕೆಂದೇ ಹಾಕಿದ ಪ್ರತ್ಯೇಕ ದಾರಿ. ವೇಗ ಹೆಚ್ಚು, ಶಿಸ್ತು ಹೆಚ್ಚು. ಯಾವ ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಯಾವ ಕಿಂಡಿಗೆ, ಯಾವ ಡಿಸ್ಕ್ ಕಾಣಬೇಕೆಂದು ಮೊದಲೇ ಬರೆದಿಡಬೇಕು, ಬರೆಯದ ಪೋರ್ಟಿಗೆ ಏನೂ ಕಾಣದು. ಇನ್ನೊಂದು, ಕಚೇರಿಯ ಕಂಪ್ಯೂಟರುಗಳು ಬಳಸುವ ಈಥರ್ನೆಟ್ಟಿನ ಮೇಲೆಯೇ ಡಿಸ್ಕಿನ ಸಂಚಾರವನ್ನೂ ನಡೆಸುವುದು. ವೇಗ ತುಸು ಕಡಿಮೆ. ಆದರೆ ಕೇಬಲ್ಲು, ಸ್ವಿಚ್ಚು ಎಲ್ಲ ಪರಿಚಯದವು. ಆ ಲ್ಯಾಬಿಗೆ ಎರಡರ ವೇಗವೂ ಸಾಕಿತ್ತು.

ಪರೀಕ್ಷೆಗೆಂದು ಕಳಿಸಿದ್ದ ಫೈಬರ್ ಚಾನೆಲ್ ಯಂತ್ರದ ಜೊತೆ ಹೈದರಾಬಾದಿನಿಂದ ಬಂದ ಎಂಜಿನಿಯರ್ ವರ್ಷಾ, ಭಾಲ್ಕಿ ಕಡೆಯ ಹುಡುಗಿ. ಜೋಡಣೆಗೆಂದು ಬಂದವಳು ಸರ್ವರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಮನೀಷಾಳ ಜೊತೆ ಎರಡೂವರೆ ಗಂಟೆ ಕೂತಳು. ಮಾರ್ಚಿನಲ್ಲಿ ಏನಾಯಿತೆಂದು ಮನೀಷಾ ಹೇಳುತ್ತಿದ್ದಂತೆ ವರ್ಷಾ ನಡುವೆಯೇ, "ಅಕ್ಕಾ, ಒಂದು ದಾರಿ ಕಡದ್ರ ಎರಡನೇದು ತಾನಾಗೇ ಏಳಬೇಕಲ್ರಿ, ಯಾಕ ಏಳಲಿಲ್ಲ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ತನ್ನನ್ನು ಬಿಟ್ಟು ಇನ್ನೊಬ್ಬರು ಕೇಳಿದ್ದು ಮನೀಷಾಳ ನೆನಪಿನಲ್ಲಿ ಇರಲಿಲ್ಲ.

ಹೊರಡುವಾಗ ವರ್ಷಾ ಇನ್ನೊಂದು ವಿಷಯ ತಿಳಿಸಿದಳು. ಈ ಯಂತ್ರ ಕೊಂಡವರ ಕಡೆಯ ಒಬ್ಬರಿಗೆ ಹೈದರಾಬಾದಿನಲ್ಲಿ ಹತ್ತು ದಿನ ತರಬೇತಿ ಇದೆ. ಬೇರೆ ಬೇರೆ ಔಷಧ ಕಾರ್ಖಾನೆಗಳಿಂದ ಏಳೆಂಟು ಜನ ಬರುತ್ತಾರೆ. "ಎಲ್ಲಾ ನಿಮ್ಮಂಥವರೇ ರೀ ಅಕ್ಕಾ. ಊಟಕ್ಕ ಕುಂತರೂ ಡಿಸ್ಕಿನ ಮಾತೇ. ತಲಿ ತಿಂತಾರ," ಎಂದು ನಕ್ಕಳು.

ಅಂದು ಬಸ್ಸಿನಲ್ಲಿ ಬಸವಕಲ್ಯಾಣ ಬರುವವರೆಗೆ ಮನೀಷಾ ಆ ಊಟದ ಮೇಜನ್ನೇ ಯೋಚಿಸುತ್ತಿದ್ದಳು.

ಆದರೆ ವರ್ಷಾ ಬರುವ ಮೊದಲೇ ಅವಳು ಬಸವಣಪ್ಪನವರಿಗೆ ಒಂದು ಸಾಲು ಬರೆದು ಕೊಟ್ಟಿದ್ದಳು: 'ನಾನು ಎರಡು ಗಂಟೆ ಸಿಗದಿದ್ದರೂ ಇಲ್ಲಿರುವ ಒಬ್ಬರು ಮತ್ತೆ ನಡೆಸಬಲ್ಲಂಥದ್ದನ್ನೇ ಕೊಳ್ಳತಕ್ಕದ್ದು. ಎರಡೂ ಅಂಥವೇ ಆದರೆ, ಅಥವಾ ಎರಡೂ ಅಲ್ಲವಾದರೆ, ವೇಗದ್ದನ್ನು.' ಎರಡೂ ಯಂತ್ರಗಳು ಪರೀಕ್ಷೆಗೆಂದು ಒಂದು ವಾರ ಕಾರ್ಖಾನೆಯಲ್ಲಿದ್ದವು. ಆ ಒಬ್ಬರನ್ನಾಗಿ ಅವಳು ಆರಿಸಿದ್ದು ಎಲೆಕ್ಟ್ರಿಷಿಯನ್ ಅಬ್ದುಲ್ ಕರೀಮರನ್ನು. ವಯಸ್ಸು ಐವತ್ತೆರಡು, ಮೂವತ್ತು ವರ್ಷ ಪ್ಯಾನೆಲ್ ಬೋರ್ಡುಗಳ ನಡುವೆ ಕಳೆದವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ.

"ನನಗ ಈ ಉಮರಿನ್ಯಾಗ ಪರೀಕ್ಷಾ ಇಡಾಕತ್ತೀರಿ ಮೇಡಂ," ಎಂದರು ಕರೀಂ. "ಫೇಲಾದ್ರ ಮನಿಗಿ ಕಾಗದ ಕಳಸಬ್ಯಾಡ್ರಿ."

ಮನೀಷಾ ಕನ್ನಡದಲ್ಲಿ ಒಂದು ಪುಟದ ಚೀಟಿ ಬರೆದು ಅವರಿಗೆ ಕೊಟ್ಟಳು. ಕೆಂಪು ದೀಪ ಬಂದರೆ ಆ ಕೇಬಲನ್ನು ಮೂರನೇ ಪೋರ್ಟಿಗೆ ಬದಲಿಸಿ, ಹಸಿರಾಗುವವರೆಗೆ ಕಾಯಿರಿ, ಪರದೆಯಲ್ಲಿ ಡಿಸ್ಕ್ ಕಂಡರೆ ಲ್ಯಾಬಿಗೆ ತಿಳಿಸಿ. ಎರಡೂ ಯಂತ್ರಗಳಿಗೆ ಅದೇ ಚೀಟಿ. ಆಮೇಲೆ ಒಂದು ಪೋರ್ಟನ್ನು ತಾನೇ ಕೆಡಿಸಿಟ್ಟು, ಕಾರ್ಖಾನೆಯಿಂದ ಹೊರಬಿದ್ದು, ಆಟೋದಲ್ಲಿ ಹುಮನಾಬಾದ್ ಬಸ್ ನಿಲ್ದಾಣಕ್ಕೆ ಹೋಗಿ ಫೋನ್ ಬಂದ್ ಮಾಡಿ ಕೂತಳು.

ಮಂಗಳವಾರ ಫೈಬರ್ ಚಾನೆಲ್ ಸರದಿ. ಎರಡು ಗಂಟೆ ಕಳೆದು ಮರಳಿದಾಗ ಕರೀಂ ಕೇಬಲ್ ಬಿಚ್ಚಿ, ಸುತ್ತಿ, ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತಿದ್ದರು. ದೀಪವೇನೋ ಹಸಿರಾಯಿತು, ಡಿಸ್ಕ್ ಕಾಣಲಿಲ್ಲ ಎಂದರು. ಬೇರೆ ಪೋರ್ಟುಗಳಿಗೆ ಹಾಕಿ ನೋಡಿದಿರಾ ಎಂದು ಕೇಳಿದ್ದಕ್ಕೆ ಅವರು ಇಲ್ಲವೆಂದು ತಲೆಯಾಡಿಸಿದರು. ಹೇಳದ ಕಡೆ ತಂತಿ ಹಚ್ಚುವುದು ಅವರ ಕಸುಬಿನಲ್ಲಿ ಜೀವ ಹೋಗುವ ಮಾತು. ಮನೀಷಾ ತನ್ನ ಪುಸ್ತಕದಲ್ಲಿ 'ಆಗಲಿಲ್ಲ' ಎಂದು ಬರೆದುಕೊಂಡಳು.

ಗುರುವಾರ ಈಥರ್ನೆಟ್. ಅದೇ ನಿಲ್ದಾಣ, ಅದೇ ಬೆಂಚು. ಸಂತೆಗೆ ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ಎರಡು ಮೇಕೆಮರಿಗಳನ್ನು ಕಟ್ಟಿಕೊಂಡು ಕೂತಿದ್ದಳು. ಮನೀಷಾ ಮತ್ತೆ ಮತ್ತೆ ಫೋನ್ ತೆಗೆದು ಕಪ್ಪು ಪರದೆ ನೋಡುವುದನ್ನು ಗಮನಿಸಿ, "ಯವ್ವಾ, ಯಾರದ ಫೋನ್ ಬರೋದದ?" ಎಂದಳು.

"ಯಾರದೂ ಇಲ್ಲ್ರಿ. ಬಂದ್ ಮಾಡೀನಿ."

"ಬಂದ್ ಮಾಡಿ ಹಾದಿ ನೋಡಾಕತ್ತೀಯಲ್ಲ, ಶಾಣ್ಯಾಕಿ," ಎಂದು ಆ ಹೆಂಗಸು ಮರಿಗಳ ಕಡೆ ತಿರುಗಿದಳು.

ಆಗ ಮನೀಷಾಗೆ ತಾನು ಯಾವುದಕ್ಕೆ ಕಾಯುತ್ತಿದ್ದೇನೆಂದು ಸ್ಪಷ್ಟವಾಯಿತು. ಕರೀಂ ಸೋಲಲಿ ಎಂದು ಕಾಯುತ್ತಿದ್ದಳು. ಇಂದೂ ಅವರಿಂದ ಆಗದಿದ್ದರೆ ಎರಡೂ ಸಮ. ಆಗ ವೇಗದ್ದು ಗೆಲ್ಲುತ್ತದೆ, ಹೈದರಾಬಾದಿನ ಹತ್ತು ದಿನ ಅವಳದಾಗುತ್ತದೆ. ಮೂವತ್ತು ವರ್ಷ ಯಾರ ಕೈಗೂ ಶಾಕ್ ಹೊಡೆಯದಂತೆ ನೋಡಿಕೊಂಡ ಮನುಷ್ಯ ಒಂದು ಸಣ್ಣ ಕೆಲಸದಲ್ಲಿ ಸೋಲಲೆಂದು ಅವಳು ಬಸ್ ನಿಲ್ದಾಣದಲ್ಲಿ ಕೂತು ಬಯಸುತ್ತಿದ್ದಳು. ನಾಚಿಕೆಯಾಯಿತು. ಬಯಕೆ ಮಾತ್ರ ಹೋಗಲಿಲ್ಲ.

ಮರಳಿದಾಗ ಕರೀಂ ಕೋಣೆಯ ಹೊರಗೆ ಚಹಾ ಕುಡಿಯುತ್ತಿದ್ದರು. "ಮೂವತ್ತೈದು ಮಿನಿಟಿನ್ಯಾಗ ಬಂತ್ರಿ ಮೇಡಂ. ಲ್ಯಾಬಿನವರು ಬರಾಬ್ಬರ್ ಅದ ಅಂದ್ರು."

ಅವಳು ಒಳಗೆ ಹೋಗಿ ನೋಡಿದಳು. ಡಿಸ್ಕ್ ಕಾಣುತ್ತಿತ್ತು, ದಾಖಲೆ ಇಳಿಯುತ್ತಿತ್ತು. ಆದರೆ ಕೇಬಲ್ ಇದ್ದದ್ದು ಮೂರನೇ ಪೋರ್ಟಿನಲ್ಲಲ್ಲ, ಆರನೆಯದರಲ್ಲಿ. ಕರೀಮರನ್ನು ಕರೆದು ಕೇಳಿದಳು.

"ಮೂರನೇದೇ ಅದಲ್ರಿ," ಎಂದು ಅವರು ಬಾಗಿಲ ಕಡೆಯಿಂದ ಬೆರಳಿಟ್ಟು ಎಣಿಸಿದರು. "ಒಂದು, ಎರಡು, ಮೂರು. ಕರೆಂಟ್ ಒಳಗ ಬರೋದು ಈ ಕಡಿಂದ. ನಾವು ಪ್ಯಾನೆಲ್‌ನವರು ಕರೆಂಟ್ ಬರೋ ಕಡಿಂದಲೇ ಎಣಸ್ತೀವ್ರಿ."

ಪೋರ್ಟುಗಳ ಸಂಖ್ಯೆ ಮುದ್ರಿಸಿದ್ದ ಜಾಗವನ್ನು, ಎರಡೂ ಯಂತ್ರಗಳಲ್ಲಿ, 'ಪ್ರದರ್ಶನಕ್ಕೆ ಮಾತ್ರ' ಎಂಬ ಪಟ್ಟಿ ಮುಚ್ಚಿತ್ತು. ಪೋರ್ಟುಗಳು ಎಂಟು, ಬಾಗಿಲು ಬಲಕ್ಕೆ. ಮನೀಷಾ ಎಡದಿಂದ ಎಣಿಸುವವಳು. ಯಾವ ಕಡೆಯಿಂದ ಎಂದು ಚೀಟಿಯಲ್ಲಿ ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಮಂಗಳವಾರನೂ ಇದಕ್ಕೇ ಹಾಕಿದ್ರೇನ್ರಿ, ಚಾಚಾ?"

"ಹೌದ್ರಿ. ಇದೇ ಲೆಕ್ಕ."

ಅಂದರೆ ಮಂಗಳವಾರ ಸೋತದ್ದು ಕರೀಮರೂ ಅಲ್ಲ, ಫೈಬರ್ ಚಾನೆಲ್ಲೂ ಅಲ್ಲ. ಸೋತದ್ದು ಅವಳ ಚೀಟಿ. ಆ ಯಂತ್ರದಲ್ಲಿ ಮೂರನೆಯದಕ್ಕೆ ಡಿಸ್ಕ್ ಕಾಣಲೆಂದು ಬರೆದಿತ್ತು, ಆರನೆಯದಕ್ಕೆ ಬರೆದಿರಲಿಲ್ಲ. ಈಥರ್ನೆಟ್ಟಿಗೆ ಯಾವ ಪೋರ್ಟಾದರೂ ಒಂದೇ. 'ಎಡದಿಂದ' ಎಂಬ ಒಂದು ಪದ ಸೇರಿಸಿ ಶನಿವಾರ ಮತ್ತೊಮ್ಮೆ ಪರೀಕ್ಷಿಸಿದರೆ ಕರೀಂ ಅದನ್ನೂ ಮೂವತ್ತೈದು ನಿಮಿಷದಲ್ಲಿ ಎಬ್ಬಿಸುತ್ತಿದ್ದರು. ಎರಡೂ ಸಮ, ವೇಗದ್ದು ಗೆಲುವು. ಇದರಲ್ಲಿ ಸುಳ್ಳು ಒಂದೂ ಇಲ್ಲ. ನ್ಯಾಯವೂ ಅದೇ ಎನ್ನಬಹುದಿತ್ತು. ಬಸವಣಪ್ಪ ಎರಡು ಮಾತಿಲ್ಲದೆ ಒಪ್ಪುತ್ತಿದ್ದರು.

ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ರಾಜೇಶ್ವರ ದಾಟುವವರೆಗೆ ಅವಳು ಶನಿವಾರದ ಪರೀಕ್ಷೆಯನ್ನು ಮನಸ್ಸಿನಲ್ಲೇ ನಡೆಸಿದಳು; ಎಲ್ಲ ಸುಸೂತ್ರವಾಗಿ ಮುಗಿಯಿತು. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಊರ ಕಡೆ ತಿರುಗುವಾಗ ಮಾರ್ಚಿನ ಭಾನುವಾರದ ಬಗ್ಗೆ ಯೋಚಿಸಿದಳು. ಹನ್ನೊಂದು ವರ್ಷ ಒಬ್ಬಳೇ ಬರೆದ ಚೀಟಿಗಳನ್ನು ಇನ್ನೊಬ್ಬರ ಕಣ್ಣು ನೋಡಿರಲಿಲ್ಲ. ಈ ಚೀಟಿಯಲ್ಲಿ ಒಂದು ಪದ ಬಿಟ್ಟುಹೋಗಿತ್ತು. ಮುಂದಿನದರಲ್ಲಿ ಯಾವುದು ಬಿಟ್ಟುಹೋಗುತ್ತದೆಂದು ಬರೆಯುವವಳಿಗೇ ಗೊತ್ತಿರುವುದಿಲ್ಲ. ಒಂದು ಯಂತ್ರ ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಕೆಲಸ ಮಾಡಿತ್ತು. ಇನ್ನೊಂದು ಮಾಡಿರಲಿಲ್ಲ. ಅವಳಿಗೆ ಬೇಕಾದದ್ದು ಆ ಇನ್ನೊಂದೇ.

ಶುಕ್ರವಾರ ಎರಡು ಪುಟ ಬರೆದಳು. ಚೀಟಿಯ ತಪ್ಪನ್ನು ಬರೆದಳು, ತಪ್ಪು ತನ್ನದೆಂದು ಬರೆದಳು. ಚೀಟಿ ಸರಿಯಿದ್ದಿದ್ದರೆ ಎರಡೂ ಗೆಲ್ಲುತ್ತಿದ್ದವು ಎಂದೂ ಬರೆದಳು. ಕೊನೆಗೆ: 'ಚೀಟಿ ಮತ್ತೆ ತಪ್ಪಬಹುದು. ತಪ್ಪು ಚೀಟಿಯಿಂದಲೂ ಎದ್ದು ಕೂತದ್ದು ಈಥರ್ನೆಟ್. ಅದನ್ನೇ ಕೊಳ್ಳಬೇಕೆಂದು ಶಿಫಾರಸು.' ತರಬೇತಿಯ ವಿಷಯ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಬಸವಣಪ್ಪ ನಿಧಾನವಾಗಿ ಓದಿದರು. "ಎಲ್ಲಾ ಕರೀಮರೇ ಮಾಡಿದ್ರ, ನಿಮಗೇನು ಕೆಲಸ ಉಳೀತದ್ರಿ?" ಎಂದು ಅರ್ಧ ತಮಾಷೆಯಾಗಿ ಕೇಳಿದರು.

"ಚೀಟಿ ತಿದ್ದೋದು ಉಳೀತದ್ರಿ, ಸರ್."

ಅವರು ನಕ್ಕು ಸಹಿ ಹಾಕಿದರು.

ವರ್ಷಾಗೆ ಮನೀಷಾ ತಾನೇ ಫೋನ್ ಮಾಡಿ ತಿಳಿಸಿದಳು. ವರ್ಷಾ ಬೇಸರಿಸಲಿಲ್ಲ, ಕಾರಣ ಕೇಳಿ, ಎಣಿಕೆಯ ಕಥೆಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಸ್ವರ ಇಳಿಸಿ, "ಹತ್ತು ದಿನದ್ದು ನೀವು ಬರ್ತೀರಿ ಅಂತ ನಾ ಹೆಸರ ಬರದಿದ್ದೆ ರೀ ಅಕ್ಕಾ. ಅಳಿಸಬೇಕೀಗ," ಎಂದಳು.

"ಅಳಿಸವ್ವ," ಎಂದಳು ಮನೀಷಾ.

ತರಬೇತಿ ಶುರುವಾದ ಸೋಮವಾರವೇ ಕಾರ್ಖಾನೆಗೆ ಹೊಸ ಪೆಟ್ಟಿಗೆ ಬಂತು. ಕರೀಂ ಬಿಳಿ ಬಣ್ಣ ತಂದು ಪ್ರತಿ ಪೋರ್ಟಿನ ಕೆಳಗೆ ಸಂಖ್ಯೆ ಬರೆದರು. ಯಾವ ಕಡೆಯಿಂದ ಎಂಬುದಕ್ಕೆ ಐದು ನಿಮಿಷ ವಾದವಾಗಿ, ಬಾಗಿಲ ಕಡೆಯಿಂದ ಎಂದು ಮನೀಷಾ ಒಪ್ಪಿದಳು. ಮಧ್ಯಾಹ್ನ ವರ್ಷಾ ಒಂದು ಫೋಟೊ ಕಳಿಸಿದಳು. ಉದ್ದ ಮೇಜು, ಸುತ್ತ ಏಳು ಜನ, ಗೋಡೆಯ ಹಲಗೆಯ ಮೇಲೆ ಒಂದು ನಕ್ಷೆ. ಮನೀಷಾ ಮುಖಗಳನ್ನು ಬಿಟ್ಟು ನಕ್ಷೆಯನ್ನು ಹಿಗ್ಗಿಸಿ ನೋಡಿದಳು. ಎರಡು ಸ್ವಿಚ್ಚು, ಎರಡು ದಾರಿ. ಎರಡಕ್ಕೂ ವಿದ್ಯುತ್ತು ಒಂದೇ ಯುಪಿಎಸ್‌ನಿಂದ. ಅದು ಹೋದರೆ ಎರಡೂ ದಾರಿ ಒಟ್ಟಿಗೆ ಹೋಗುತ್ತವೆ. 'ಎರಡನೇ ಸ್ವಿಚ್ಚಿಗೆ ಬೇರೆ ಯುಪಿಎಸ್ ಬೇಡವೇ?' ಎಂದು ಬರೆದು ಕಳಿಸಿದಳು.

ಸಂಜೆ ಬಸ್ಸು ಹತ್ತುವಾಗ ನೋಡಿದಳು, ವರ್ಷಾ ಓದಿರಲಿಲ್ಲ. ಬಸವಕಲ್ಯಾಣದಲ್ಲಿ ಇಳಿಯುವಾಗ ನೋಡಿದಳು, ಓದಿದ್ದಳು. ಬುಧವಾರ ಮಧ್ಯಾಹ್ನ ಉತ್ತರ ಬಂತು: 'ಪಾಠ ಮಾಡುವ ಸರ್‌ಗೆ ಕೇಳಿದೆ ಅಕ್ಕಾ. ಇಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ನಕ್ಷೆ ತಿದ್ದಿದರು. ಯಾರು ಕೇಳಿದ್ದು ಅಂದ್ರು, ಹುಮನಾಬಾದಿನವರು ಅಂದೆ.'

ಮನೀಷಾ ಅದನ್ನು ಎರಡು ಸಲ ಓದಿದಳು. ಯಾರಿಗಾದರೂ ತೋರಿಸಬೇಕೆನಿಸಿತು. ಸರ್ವರ್ ಕೋಣೆಯಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಅಂದು ಕರೀಂ ರಜೆಯ ಮೇಲಿದ್ದರು, ಲ್ಯಾಬಿನವರು ಊಟಕ್ಕೆ ಹೋಗಿದ್ದರು. ಅವಳು ಡಬ್ಬಿ ತೆಗೆದುಕೊಂಡು, ಬಾಗಿಲಿಗೆ ಬೀಗ ಹಾಕಿ, ಕ್ಯಾಂಟೀನಿನ ಕಡೆ ನಡೆದಳು.