ಬೋಳು ಇಳಿಜಾರಿನ ಕಂದೀಲು

ಪುಣೆಯ ಅಂಚಿನ ಕಾತ್ರಜದ ಹಿಂದಿನ ಗುಡ್ಡಕ್ಕೆ ಮಳೆಗಾಲದಲ್ಲಿ ವಾಕಿಂಗ್ ಹೋಗುವವರೆಲ್ಲ ಒಮ್ಮೆಯಾದರೂ ಗಾಬರಿಬಿದ್ದವರೇ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒದ್ದೆ ಹುಲ್ಲಿನಲ್ಲಿ ಬೋರಲಾಗಿ ಮಲಗಿರುತ್ತಿದ್ದರು. ಯಾರಾದರೂ ಓಡಿಬಂದು "ಆಜೀ, ಪಡಲಾತ ಕಾ?" ಎಂದರೆ, ತಲೆಯೆತ್ತದೆ, ಬಿದ್ದಿಲ್ಲ, ನೋಡುತ್ತಿದ್ದೇನೆ ಎಂದು ಮರಾಠಿಯಲ್ಲೇ ಗದರಿ ಕಳಿಸುತ್ತಿದ್ದರು. ಅವರೇ ವತ್ಸಲಾ ಬಾಯಾರು. ಧಾರವಾಡದ ಕಡೆಯವರು, ಪುಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ನಮ್ಮ ಸೊಸೈಟಿಯಲ್ಲಿ ನನ್ನ ಎದುರು ಮನೆಯವರು.

ಹೂವಿನ ಫೋಟೋ ಹಿಡಿದು ಅವರ ಬಾಗಿಲು ತಟ್ಟಿದರೆ ಮೊಬೈಲನ್ನು ಕೈಯಿಂದ ಆಚೆ ಸರಿಸುತ್ತಿದ್ದರು. "ಮಾರಿ ಆಮ್ಯಾಲ ತೋರಸು. ಮೊದಲ ಊರು ಹೇಳು. ಮಣ್ಣು ಎಷ್ಟು ಆಳ ಅದ? ಬಿಸಿಲು ಮುಂಜಾನಿದೋ ಸಂಜಿದೋ? ಬಾಜೂಕ ಯಾರ್‍ಯಾರ ಇದ್ದಾರ?" ನಮ್ಮ ಕಡೆಯವರು ಹೊಸಬರನ್ನು ಕಂಡಾಗ ಯಾವೂರು, ಯಾರ ಪೈಕಿ ಎಂದು ಕೆದಕಿದ ಮೇಲೆಯೇ ಹೆಸರು ಕೇಳುತ್ತಾರಲ್ಲ, ಹಾಗೆ. ಉತ್ತರ ತಿಳಿಯದಿದ್ದರೆ ನನ್ನನ್ನು ಅದೇ ಕಾಲಲ್ಲಿ ಗುಡ್ಡಕ್ಕೆ ಅಟ್ಟುತ್ತಿದ್ದರು.

ಒಂದು ಜುಲೈಯಲ್ಲಿ ಸೊಸೈಟಿಯವರೆಲ್ಲ ಗುಡ್ಡವನ್ನು ಹಸಿರು ಮಾಡಲು ಹೊರಟೆವು. ಸಸಿಗಳು ಬಂದು ಪಾರ್ಕಿಂಗ್ ತುಂಬಿದವು. ಪಡುವಣದ ಬೋಳು ಇಳಿಜಾರಿನಲ್ಲಿ ಸೆಕ್ರೆಟರಿ ಶಿಂದೆಯವರು ಗುಂಡಿಗಳಿಗೆ ಸುಣ್ಣದ ಗುರುತು ಹಾಕಿಸಿದ್ದರು. ಗುದ್ದಲಿ ಹೊತ್ತು ಹೋದರೆ, ಬಾಯಾರು ಗುರುತುಗಳ ನಟ್ಟನಡುವೆ ಕೊಡೆ ಬಿಚ್ಚಿ ಕುಳಿತಿದ್ದಾರೆ.

ಖಾಲಿ ಜಾಗ, ಇಲ್ಲೇನಿದೆ ಎಂದು ಶಿಂದೆ ಮರಾಠಿಯಲ್ಲಿ ರೇಗಿದರು. ಬಾಯಾರು ನನ್ನ ಕಡೆ ತಿರುಗಿದರು. "ಶ್ರೀಕಾಂತ, ನೀನರ ಇವರಿಗೆ ತಿಳಿಸಿ ಹೇಳು. ಇದು ಖಾಲಿ ಅಲ್ಲ. ಇಲ್ಲಿಯವರು ಬ್ಯಾಸಗ್ಯಾಗ ಬಾಗಲಾ ಹಾಕ್ಕೊಂಡು ನೆಲದಾಗ ಗಡ್ಡಿಯಾಗಿ ಮಲಗಿರ್ತಾರ." ಹುಲ್ಲಿನ ನಡುವೆ ಬೆರಳುದ್ದದ ಒಂದು ಕುಡಿಯನ್ನು ತೋರಿಸಿದರು. ನನ್ನ ಕಣ್ಣಿಗೆ ಅದೂ ಹುಲ್ಲೇ.

"ಇದು ಕಂದೀಲ ಹೂ. ಈ ಸಹ್ಯಾದ್ರಿ ಬಿಟ್ರ ಜಗತ್ತಿನಾಗ ಮತ್ತೆಲ್ಲೂ ಇಲ್ಲ."

"ಬರೇ ಎಲಿ ನೋಡಿ ಹ್ಯಾಂಗ ಹೇಳ್ತೀರಿ ಬಾಯಾರ?"

"ಎಲಿ ನೋಡಿದ್ರ ನಾನೂ ಮೋಸ ಹೋಗ್ತೀನಿ. ಜಾಗಾ ನೋಡಿ ಹೇಳ್ತೀನಿ. ಕೆಳಗ ಹಾಸಗಲ್ಲು, ಮ್ಯಾಲ ಗೇಣು ಮಣ್ಣು, ಸುತ್ತ ಹುಲ್ಲು, ತಲಿ ಮ್ಯಾಲ ಬರೇ ಆಕಾಶ. ನಿಮ್ಮ ಗಿಡದ ನೆರಳು ಬಿತ್ತಂದ್ರ ಸಾಯ್ತದ."

ಕೊನೆಗೆ ಶಿಂದೆ ಗಣಪತಿ ಹಬ್ಬದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಹೂ ಬರದಿದ್ದರೆ ಗುಂಡಿ ತೋಡುವುದೇ. ಅಂದಿನಿಂದ ಬಾಯಾರು ದಿನಾ ಗುಡ್ಡ ಹತ್ತಿದರು. ಲಿಫ್ಟಿನಲ್ಲಿ ಸಿಕ್ಕವರು ಹೂ ಬಂತೇ ಎಂದು ಕೇಳಿ ಒಳಗೊಳಗೇ ನಗುತ್ತಿದ್ದರು. ಒಂದು ಸಂಜೆ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಬಾಯಾರೇ, "ನಂದ ತಪ್ಪಿದ್ರ ಏನ್ ಮಾಡೂದೋ ಶ್ರೀಕಾಂತ? ಒಮ್ಮೆ ಅಗದ್ರ ಮುಗೀತು, ತಿರುಗಿ ಬರೂದಿಲ್ಲ" ಎಂದರು. ಅವರ ದನಿ ಅಷ್ಟು ಕುಗ್ಗಿದ್ದನ್ನು ನಾನು ಕೇಳಿರಲಿಲ್ಲ.

ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಫೋನು. "ಬಾ. ಶಿಂದೆಯವರನ್ನೂ ಕರಕೊಂಡು ಬಾ."

ಡೊಳ್ಳುಹೊಟ್ಟೆಯ ಶಿಂದೆ, ನಾನು, ಇಬ್ಬರೂ ಕೆಸರಿನಲ್ಲಿ ಬೋರಲು ಮಲಗಿದೆವು. ತಿಳಿಹಸಿರಿನ ಸಣ್ಣ ಕೊಳವೆ, ಬುಡದಲ್ಲಿ ಉಬ್ಬು, ಮೇಲೆ ಐದು ಎಸಳು ತುದಿಯಲ್ಲಿ ಕೂಡಿಕೊಂಡು ಕಟ್ಟಿದ ಪಂಜರ. ಥೇಟು ಕಂದೀಲು. ಹಿಂದಿನಿಂದ ಬಿಸಿಲು ಬಿದ್ದಾಗ ಕೊಳವೆಯ ಒಳಗೆ ಎಳ್ಳಿನಷ್ಟು ಗಾತ್ರದ ನೊಣವೊಂದು ಓಡಾಡುವುದು ಕಂಡಿತು. ಶಿಂದೆ ಕನ್ನಡಕ ಸರಿಪಡಿಸಿಕೊಂಡು ಇನ್ನಷ್ಟು ಹತ್ತಿರ ಜರುಗಿದರು.

"ಒಳಗ ಕೂದಲು ಕೆಳಮುಖ ಅವ. ಹೋಗಲಿಕ್ಕೆ ದಾರಿ ಅದ, ಬರಲಿಕ್ಕೆ ಇಲ್ಲ" ಎಂದರು ಬಾಯಾರು. "ಆದರ ಕೊಲ್ಲೂದಿಲ್ಲ. ನಾಳೆ ಕೂದಲು ಬಾಡ್ತಾವ, ಹೂ ಬಾಗ್ತದ. ನೊಣ ಪರಾಗ ಹೊತ್ಕೊಂಡು ಮುಂದಿನ ಮನಿಗೆ ಹೋಗ್ತದ."

ಮರುದಿನ ನಾನೊಬ್ಬನೇ ಹೋದೆ. ಹೂ ತಲೆ ತಗ್ಗಿಸಿತ್ತು, ಒಳಗೆ ಯಾರೂ ಇರಲಿಲ್ಲ. ಕೆಳಗೆ ಸಾತಾರಾ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಬಾರಿಸುತ್ತಿದ್ದವು. ಆ ರಸ್ತೆ ಹುಟ್ಟುವ ಎಷ್ಟೋ ಮೊದಲಿನಿಂದ, ಯಾರೂ ನೋಡದಿದ್ದರೂ, ಪ್ರತಿ ಮಳೆಗಾಲ ಇಲ್ಲಿ ಹೀಗೆ ನಡೆಯುತ್ತಲೇ ಬಂದಿದೆ. ಬಾಯಾರಿಗೆ ಹೇಳಲು ನೇರ ಅವರ ಮನೆಗೆ ಹೋದೆ. ನನ್ನ ಮುಖ ನೋಡಿಯೇ ಅವರು ಚಹಾಕ್ಕೆ ನೀರಿಟ್ಟರು. ಸಸಿಗಳನ್ನು ಶಿಂದೆ ರಸ್ತೆ ಪಕ್ಕಕ್ಕೆ ಸಾಗಿಸಿದರು.

ಈ ಏಪ್ರಿಲ್‌ನಲ್ಲಿ ಬಾಯಾರು ಹೋಗಿಬಿಟ್ಟರು. ಸಂಜೆ ಎದೆ ನೋವೆಂದವರು ಬೆಳಗು ಕಾಣಲಿಲ್ಲ. ಸೊಸೈಟಿಯ ಸಭೆಯಲ್ಲಿ, ಹೊಸದಾಗಿ ಬಂದವರೊಬ್ಬರು ಅವರ ಹೆಸರಿನಲ್ಲಿ ಆ ಬೋಳು ಇಳಿಜಾರಿನಲ್ಲಿ ಒಂದು ಮರ ನೆಟ್ಟು ಫಲಕ ಹಾಕೋಣ ಎಂದರು. ಹಲವರು ತಲೆದೂಗಿದರು. ನಾನು ಏಳುವ ಮೊದಲೇ ಶಿಂದೆ ಎದ್ದು ನಿಂತಿದ್ದರು. "ನಕೋ" ಎಂದರು, ಅಲ್ಲಿ ಮರ ಬೇಡವೇ ಬೇಡ ಎಂದು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಭಾನುವಾರ ನಾವಿಬ್ಬರೂ ಗುಡ್ಡ ಹತ್ತಿದೆವು. ಸುಟ್ಟ ಹುಲ್ಲು, ಕಾದ ಕಲ್ಲು, ಬೇರೇನೂ ಕಾಣುತ್ತಿರಲಿಲ್ಲ. ಎಲ್ಲಿ ಕಾಲಿಟ್ಟರೆ ನೆಲದೊಳಗೆ ಮಲಗಿದ ಯಾರ ಮೇಲೆ ಬೀಳುತ್ತದೋ ಎಂದು ಹೆದರಿ ಅಂಚಿನಲ್ಲೇ ಬಹಳ ಹೊತ್ತು ನಿಂತೆವು. ಆಮೇಲೆ, ಬಾಯಾರ ಹೆಸರಿನಲ್ಲಿ ಅಲ್ಲಿ ಏನನ್ನೂ ನೆಡದೆ ಇಳಿದು ಬಂದೆವು.