ಆಪತ್ಕಾಲದ ದುಡ್ಡಿಗೆ ದಪ್ಪ ಪರದೆ

ಎರಡು ತಾಸಿನ ಮೀಟಿಂಗು, ಕೊರಳಿಗೊಂದು ಹಾರ, ಹೆಗಲಿಗೊಂದು ಶಾಲು. ಹೋದ ವಾರ ನಾನು ವಿಶ್ವವಿದ್ಯಾಲಯದ ವಿಭಾಗವೊಂದನ್ನು ಉದ್ಧಾರ ಮಾಡಿ ಬಂದೆ!

ಕುಂದಗೋಳದ ಆಚೆ, ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ, ವಿಶ್ವವಿದ್ಯಾಲಯದ ಸಣ್ಣ ಕೇಂದ್ರವೊಂದಿದೆ (ಹೆಸರು ಕೇಳಬೇಡಿ, ಮತ್ತೆ ಊಟಕ್ಕೆ ಕರೆಯಲಿಕ್ಕಿಲ್ಲ). ಅಲ್ಲಿನ ಸಸ್ಯಶಾಸ್ತ್ರ ವಿಭಾಗ ವರ್ಷಗಟ್ಟಲೆ ಮುಟ್ಟದೆ ಒಂದಿಷ್ಟು ದುಡ್ಡು ಕೂಡಿಟ್ಟಿತ್ತು. ಮಾರ್ಚ್ ಮುಗಿಯುವುದರೊಳಗೆ ಅದರ ಬಳಕೆಗೆ ಯೋಜನೆ ಕೊಡಿ, ಇಲ್ಲವಾದರೆ ದುಡ್ಡು ವಾಪಸ್ ಕೊಡಿ ಎಂದು ಮೇಲಿನಿಂದ ಪತ್ರ ಬಂತು. ಯೋಜನೆಗೆ ಸಮಿತಿ ಬೇಕು. ಸಮಿತಿಗೆ ಹೊರಗಿನವರೊಬ್ಬರು ಬೇಕು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಸೈನ್ಸ್ ಟೀಚರ್ ಅಂತ ನಾನು ಸಿಕ್ಕೆ.

ಸ್ವಲ್ಪ ಮೊದಲೇ ಹೋಗಿದ್ದೆ. ಲ್ಯಾಬಿಗೆ ಇಣುಕಿದರೆ, ಒಬ್ಬ ಹುಡುಗಿ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ರುಬೀನಾ. ಸಂಶಿಯಿಂದ ಬಸ್ಸಿಗೆ ಬರುತ್ತಾಳೆ, ಎಂ.ಎಸ್ಸಿ. ಕೊನೆಯ ವರ್ಷ. ಮೆಣಸಿನ ಗಿಡದ ಎಲೆರೋಗದ ಮೇಲೆ ಅವಳ ಪ್ರಾಜೆಕ್ಟ್. ಮೈಕ್ರೋಸ್ಕೋಪಿನ ಬಲ್ಬು ಸುಟ್ಟು ವರ್ಷವಾಗಿತ್ತಂತೆ. ಅದಕ್ಕೇ ಕನ್ನಡಿ ಇರುವ ಹಳೆಯದೊಂದನ್ನು ಕಿಟಕಿಯಲ್ಲಿಟ್ಟು, ಹೊರಗಿನ ಬೆಳಕು ಹಿಡಿದು ನೋಡುತ್ತಿದ್ದಳು.

“ಹನ್ನೊಂದರಿಂದ ಎರಡರ ತನಕಾ ಅಷ್ಟ ಚೊಲೋ ಬೆಳಕ ಇರ್ತದ್ರಿ ಮೇಡಂ. ಇನ್ನೂ ನಲವತ್ತ ಸ್ಲೈಡ್ ನೋಡೂದೈತಿ. ತಿಂಗಳೊಳಗ ಪ್ರಾಜೆಕ್ಟ್ ಕೊಡಲಿಲ್ಲಂದ್ರ ಒಂದ ವರ್ಷ ಹೋಗ್ತದ. ಮೀಟಿಂಗ್‌ನ್ಯಾಗ ಒಂದ್ ಬಲ್ಬಿನ ಮಾತ ಹಾಕ್ರಿ.”

ಒಂದು ಬಲ್ಬು ತಾನೇ? ಆಯಿತು ಅಂದೆ. ದೊಡ್ಡ ಧ್ವನಿಯಲ್ಲೇ ಅಂದೆ.

ಮೀಟಿಂಗಿನಲ್ಲಿ ವಿಭಾಗದ ಮುಖ್ಯಸ್ಥರು ವಿಷನ್ ಅಂದರು, ರೋಡ್‌ಮ್ಯಾಪ್ ಅಂದರು. ನಾನು ಬಲ್ಬು ಅಂದೆ.

“ಅದು ರಿಪೇರಿ ಹೆಡ್ಡಿಗೆ ಬರ್ತದ್ರಿ ಮೇಡಂ. ಇದು ಆಪತ್ಕಾಲಕ್ಕಂತ ಇಟ್ಟಿದ್ದು.”

“ಹಂಗಾರ ರಿಪೇರಿ ಹೆಡ್ಡಿನಿಂದನ ತರಸ್ರಿ.”

“ಅದರಾಗ ರೊಕ್ಕ ಇಲ್ರಿ.”

ಹಾಗಾದರೆ ಆಪತ್ತು ಅಂದರೆ ಯಾವುದು ಸ್ವಾಮಿ? ಭೂಕಂಪವೇ? ನಮ್ಮ ಮನೆಯಲ್ಲೂ ಒಂದು ಡಜನ್ ಸ್ಟೀಲ್ ತಾಟುಗಳಿದ್ದವು, ಬೀಗರು ಬಂದಾಗ ತೆಗೆಯೋಣ ಅಂತ. ಬೀಗರು ಬಂದಾಗ ಬಾಳೆ ಎಲೆ ಹಾಕಿದೆವು. ತಾಟುಗಳು ಇನ್ನೂ ಅಟ್ಟದ ಮೇಲಿವೆ.

ಆಪತ್ತು ಯಾವುದೆಂದು ಐದೇ ನಿಮಿಷದಲ್ಲಿ ತಿಳಿಯಿತು. ಮುಂದಿನ ತಿಂಗಳ ಕೊನೆಗೆ ಇನ್‌ಸ್ಪೆಕ್ಷನ್ ಕಮಿಟಿ ಬರುತ್ತದೆ. ಆದ್ದರಿಂದ ಗ್ರಾನೈಟಿನ ನಾಮಫಲಕ, ಮೆತ್ತನೆಯ ಕುರ್ಚಿ, ಎಲ್ಲ ಕಿಟಕಿಗಳಿಗೂ ದಪ್ಪ ಪರದೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಎಣ್ಣೆಗಾಯಿಯ ವಾಸನೆ ಬಂತು. ಎಲ್ಲರೂ ಸಹಿ ಮಾಡಿದರು. ನಾನೂ ಮಾಡಿದೆ. ಎಲ್ಲ ಕಿಟಕಿ ಅಂದರೆ ಯಾವ ಯಾವ ಕಿಟಕಿ ಎಂದು ಕೇಳುವಷ್ಟು ವ್ಯವಧಾನ ಹಸಿದ ಹೊಟ್ಟೆಗೆ ಎಲ್ಲಿರುತ್ತದೆ?

ಮೊನ್ನೆ ರುಬೀನಾಳ ಫೋನ್ ಬಂತು.

“ಲ್ಯಾಬಿಗೂ ಪರದೆ ಹಾಕ್ಯಾರ್ರಿ ಮೇಡಂ. ಬಿಸಿಲಿಗೆ ಹೊಸಾ ಕುರ್ಚಿ ಬಣ್ಣ ಹೋಗ್ತದಂತ. ಕಮಿಟಿ ಬಂದ್ ಹೋಗೂತನಕಾ ಯಾರೂ ಸರಿಸಬ್ಯಾಡ್ರಿ ಅಂದಾರ. ಅದರಾಗ ನಿಮ್ಮದೂ ಸಹಿ ಐತಂತಲ್ರಿ?”

ಬಲ್ಬು ವರ್ಷವಾದರೂ ಬರಲಿಲ್ಲ, ಪರದೆ ನಾಲ್ಕೇ ದಿನಕ್ಕೆ ಬಂತು. ಮಾರ್ಚ್ ತಿಂಗಳೆಂದರೆ ಸುಮ್ಮನೆಯೇ? ಆದರೆ ಅದರಲ್ಲಿ ನನ್ನ ಸಹಿಯೂ ಇತ್ತಲ್ಲ! ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ನಿನ್ನೆ ಹುಬ್ಬಳ್ಳಿಗೆ ಹೋಗಿ ನಾನೇ ಒಂದು ಬಲ್ಬು ಕೊಂಡು, ಸೀದಾ ಮುಖ್ಯಸ್ಥರ ಟೇಬಲ್ ಮೇಲಿಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ.

“ಹೊರಗಿನವರ ಸಾಮಾನ ತಗೋಬೇಕಂದ್ರ ಸಮಿತಿ ಒಪ್ಪಿಗಿ ಬೇಕ್ರಿ ಮೇಡಂ. ಮತ್ತೊಂದ್ ಮೀಟಿಂಗ್ ಕರೀತೀನಿ, ನೀವೂ ಬರ್ರಿ.”

ಬರ್ತೀನ್ರಿ ಸರ್, ಆದರ ಈ ಸಲ ಶಾಲು ಬ್ಯಾಡ, ಲ್ಯಾಬಿನ ಆ ಪರದೆ ಬಿಚ್ಚಿ ನನಗ ಹೊಚ್ಚತೀರೇನ್ರಿ?