ಕೆನೆಬಣ್ಣದ ಕಾರು, ಕಾವೇರಮ್ಮನವರ ಕುಂಕುಮ

ನಮ್ಮ ಅತ್ತೆ ಕಾವೇರಮ್ಮನವರು ಕುಂಕುಮ ಇಡದೆ ಬಿಟ್ಟ ವಸ್ತು ಆ ಮನೆಯಲ್ಲಿ ಒಂದೂ ಇರಲಿಲ್ಲ. ಹೊಸ್ತಿಲಿಗೆ, ಒರಳಿಗೆ, ಬಾವಿಯ ರಾಟೆಗೆ ಎಲ್ಲರೂ ಇಡುತ್ತಾರೆ. ಇವರು ಕರೆಂಟಿನ ಮೀಟರಿಗೂ ಇಡುತ್ತಿದ್ದರು. ರೇಡಿಯೋಗೆ, ನನ್ನ ಹೊಲಿಗೆ ಮಿಷನ್ನಿಗೆ, ನಮ್ಮ ಯಜಮಾನರ ಸೈಕಲ್ಲಿಗೆ ಶುಕ್ರವಾರ ಬಂದರೆ ಒಂದೊಂದು ಬೊಟ್ಟು. ಗ್ಯಾಸಿನ ಒಲೆ ಮೊದಲ ಸಲ ಮನೆಗೆ ಬಂದಾಗ, ತಂದವನು ಹಚ್ಚುವ ಕ್ರಮ ಹೇಳಿಕೊಡುವುದಕ್ಕೆ ಮುಂಚೆಯೇ ಸಿಲಿಂಡರಿನ ಹೆಗಲಿಗೆ ಅರಿಶಿನ ಕುಂಕುಮ ಬಿದ್ದಿತ್ತು.

"ನಮಗೋಸ್ಕರ ದುಡಿಯೋದಕ್ಕೆಲ್ಲ ಒಂದು ಜೀವ ಇರುತ್ತೆ ಕಣೇ ಸರೋಜ," ಎನ್ನುತ್ತಿದ್ದರು.

ಈಸಿಚೇರಿನಲ್ಲಿ ಪೇಪರು ಓದುತ್ತಿದ್ದ ಮಾವನವರು ತಲೆ ಎತ್ತದೆ, "ಅದಕ್ಕೇ ನೋಡಮ್ಮ, ನಿಮ್ಮತ್ತೆ ನನ್ನೊಬ್ಬನ್ನ ಬಿಟ್ಟಿರೋದು," ಎಂದುಬಿಡುವರು. ಅತ್ತೆಯವರಿಗೆ ನಗು ಬರುತ್ತಿತ್ತು. ಆದರೆ ನಕ್ಕದ್ದು ಕಾಣಬಾರದೆಂದು ಒಳಗೆ ಹೋಗುವರು.

ಇನ್ನೊಂದು ಅಭ್ಯಾಸವಿತ್ತು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಅದನ್ನು ಕೆನ್ನೆಗೆ ಒತ್ತಿ ನೋಡುವರು. ನಂಜನಗೂಡಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಹಳೇ ಸೀರೆಯ ತುಂಡುಗಳ ಗಂಟು ಹಿಡಿದು ಹೊರಡುತ್ತಿದ್ದವರು ಇವರೇ. ಹುಟ್ಟಿದ ಕೂಸಿಗೆ ಮೊದಲು ಹೊದಿಸುವುದು ಹಳೇ ಬಟ್ಟೆಯೇ ತಾನೆ? ಹೊಸದು ಎಷ್ಟೇ ಬೆಲೆಯದಾದರೂ ಅದರಲ್ಲಿ ಗಂಜಿಯ ಬಿಗುಮಾನ ಇರುತ್ತದೆ, ಹತ್ತಾರು ಸಲ ನದಿಯಲ್ಲಿ ಒಗೆಸಿಕೊಂಡ ಮೇಲೆ ಅದಕ್ಕೆ ಬುದ್ಧಿ ಬರುತ್ತದೆ ಎಂದು ಅವರ ಮಾತು. ನನ್ನ ಇಬ್ಬರು ಮಕ್ಕಳೂ ಅವರ ಸೀರೆಯಲ್ಲೇ ಬೆಳೆದವು. ಒಂದು ದಿನವೂ ಮೈಮೇಲೆ ಒಂದು ಗುಳ್ಳೆ ಏಳಲಿಲ್ಲ. ಆ ಪುಣ್ಯವನ್ನು ನಾನು ಈಗಲೂ ನೆನೆಯುತ್ತೇನೆ.

ಅತ್ತೆಯವರ ತವರು ತಿರುಮಕೂಡಲು ನರಸೀಪುರ. ಕಾವೇರಿ, ಕಪಿಲೆ ಕೂಡುವ ಊರಲ್ಲಿ ಹುಟ್ಟಿದವರೆಂದು ಆ ಹೆಸರಿಟ್ಟಿದ್ದರಂತೆ. ಅಪ್ಪ ಅಮ್ಮ ಹೋದ ಮೇಲೆ ತವರೆಂದರೆ ಒಬ್ಬ ಅಣ್ಣ, ಲಾಯರ್ ಮೂರ್ತಿಯವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅಣ್ಣ ತಂಗಿಗೆ ಮಾತಿರಲಿಲ್ಲ. ಮೂರ್ತಿ ಮಾವ ಮಗಳ ಮದುವೆಗೆ ತಂಗಿಯ ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯದೆ, ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದ್ದರು. ಇವರು ಹೋಗಲಿಲ್ಲ. ಹೋಗಲಿಲ್ಲವೆಂದು ಅವರು ಗೌರಿಹಬ್ಬಕ್ಕೆ ಬರುವುದನ್ನು ನಿಲ್ಲಿಸಿದರು. ಬಸ್ಸು ಹತ್ತಿದರೆ ಕಾಫಿ ಆರುವ ಮುಂಚೆ ತಲುಪುವ ಊರು, ಅತ್ತೆಯವರ ಪಾಲಿಗೆ ಕಾಶಿಗಿಂತ ದೂರವಾಯಿತು. ಪ್ರತಿವರ್ಷ ಗೌರಿಯ ದಿನ ಬಾಗಿಲ ಕಡೆಗೆ ಕಿವಿಯಿಟ್ಟು ಅಡುಗೆ ಮಾಡುತ್ತಿದ್ದರು. ಅಣ್ಣನ ಸುದ್ದಿ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣ. ಬೆಳಿಗ್ಗೆ ನಮ್ಮ ಮನೆಯ ಮುಂದೆ ಕೆನೆಬಣ್ಣದ ಫಿಯಟ್ ಕಾರು ಬಂದು ನಿಂತಿತು. ಇಳಿದವರು ಮೂರ್ತಿ ಮಾವ. ಕಣ್ಣಿಗೆ ಕೈ ಅಡ್ಡ ಹಿಡಿದು, ಮೆಟ್ಟಿಲು ತಡವಿಕೊಂಡು ಬಂದು ಜಗಲಿಯ ಮೇಲೆ ಕೂತರು. ಡ್ರೈವರನ್ನು ಗೊತ್ತುಮಾಡಿಕೊಂಡು ಬಂದಿದ್ದರು.

"ಕಾವೇರಿ, ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಆಗಬೇಕು. ಆಮೇಲೆ ಶಿವಮೊಗ್ಗದಲ್ಲಿ ಮಗನ ಮನೇಲಿ ಇದ್ದು ಬರ್ತೀನಿ, ನಾಲ್ಕೈದು ತಿಂಗಳಾಗುತ್ತೆ. ಅಲ್ಲಿ ಮನೆ ಬೀಗ. ಕಾರನ್ನ ನಿನ್ನ ಹತ್ರ ಬಿಟ್ಟು ಹೋಗೋಣ ಅಂತ ಬಂದೆ."

ಅಷ್ಟು ವರ್ಷಗಳಾದ ಮೇಲೆ ಆಡಿದ ಮೊದಲ ಮಾತು ಅದು. ಅತ್ತೆಯವರು, "ಬಿಡು ಅಣ್ಣಯ್ಯ," ಎಂದರು. ಅಷ್ಟೇ. ಕಾಫಿ ಸೋಸುವಾಗ ಅರ್ಧ ಕಾಫಿ ಕಟ್ಟೆಯ ಮೇಲೆ ಹೋಯಿತು.

ನಮ್ಮಲ್ಲಿ ಯಾರಿಗೂ ಕಾರು ಬಿಡಲು ಬರುತ್ತಿರಲಿಲ್ಲ. ಅದು ಪಕ್ಕದ ಅಂಗಳದಲ್ಲಿ ಬೇವಿನ ಮರದ ಹತ್ತಿರ, ಬೀಗರ ಕಡೆಯವರ ಹಾಗೆ, ಮುಟ್ಟಲೂ ಆಗದೆ ಬಿಡಲೂ ಆಗದೆ ನಿಂತಿತು. ಕಾಗೆ ಹಿಕ್ಕೆ ಹಾಕಿದರೆ ಅತ್ತೆಯವರು ಒದ್ದೆ ಬಟ್ಟೆ ಹಿಡಿದು ಓಡುವರು. ಬೀದಿಯ ಹಸು ಕೊಂಬು ತಿಕ್ಕೀತೆಂದು ಬಿದಿರಿನ ಗಳ ಅಡ್ಡ ಕಟ್ಟಿಸಿದರು. ಮುಚ್ಚಲು ಏನಾದರೂ ಬೇಕೆಂದಾಗ ನಮ್ಮ ಯಜಮಾನರು ಪಕ್ಕದ ಕಳಲೆ ಊರಿನ ಸ್ನೇಹಿತರಿಂದ ಭತ್ತದ ಮೂಟೆಗೆ ಹೊದಿಸುವ ದಪ್ಪ ಟಾರ್ಪಾಲು ತಂದರು. ಒಂದು ತೊಟ್ಟು ನೀರೂ ಇಳಿಯದಂಥದ್ದು. ಎಲ್ಲರಿಗೂ ಸಮಾಧಾನವಾಯಿತು.

ಆಯುಧಪೂಜೆ ಬಂತು. ಮೀಟರನ್ನೇ ಬಿಡದವರು ಕಾರನ್ನು ಬಿಡುತ್ತಾರೆಯೇ? ತೊಳೆದು, ಗಂಧ, ಅರಿಶಿನ ಹಚ್ಚಿ, ಬಾನೆಟ್ಟಿನ ನಟ್ಟನಡುವೆ ಅಂಗೈಯಗಲದ ಕುಂಕುಮ ಇಟ್ಟರು. "ಅಣ್ಣಯ್ಯನ ಕಣ್ಣು ನೆಟ್ಟಗಾಗಲಿ ನಂಜುಂಡಪ್ಪಾ," ಎಂದು ಆರತಿ ಎತ್ತಿದರು. ಕುಂಬಳಕಾಯಿ ಒಡೆಯುವಷ್ಟರಲ್ಲಿ ಮಳೆ ಹನಿಯತೊಡಗಿತು.

"ಮುಚ್ಚಿ, ಮುಚ್ಚಿ, ಕುಂಕುಮ ಕದಡಬಾರದು," ಎಂದರು. ತೊಳೆದ ನೀರು ಆರುವ ಮೊದಲೇ ಟಾರ್ಪಾಲು ಹೊದಿಸಿ ಬಿಗಿದೆವು. ಪೂಜೆಯ ಕುಂಕುಮ ಅಳಿಸಬಾರದೆಂದು, ಹಿಡಿದ ಮಳೆ ಬಿಡುವವರೆಗೂ ಯಾರೂ ಬಿಚ್ಚಲಿಲ್ಲ.

ಬಿಚ್ಚಿದ ದಿನ ಒಳಗಿಂದ ಸಾರಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಬಂತು. ಟಾರ್ಪಾಲಿನ ಒಳಮೈ ಬೆವತು ನೀರು ಇಳಿಯುತ್ತಿತ್ತು. ಬಣ್ಣದ ಮೇಲೆ ಅಲ್ಲಲ್ಲಿ ಬೂದಿ ಮುಸುಕಿದಂತೆ ಮಂಕು. ಬಾನೆಟ್ಟಿನ ನಡುವೆ ಅರಿಶಿನದ ಅಂಚಿನ ಕೆಂಪು ಚಕ್ರ. ಒರೆಸಿದೆವು, ಹೋಗಲಿಲ್ಲ. ಸೀಗೆಪುಡಿಯ ನೀರು, ಕೊಬ್ಬರಿ ಎಣ್ಣೆ ಎಲ್ಲ ಆಯಿತು. ಅತ್ತೆಯವರು ಹುಣಸೆಹಣ್ಣು ತಂದಾಗ ಯಜಮಾನರು, "ಅಮ್ಮಾ, ಅದು ತಾಮ್ರದ ಚೊಂಬಲ್ಲ," ಎಂದು ಕೈಹಿಡಿದರು. ಬಿಸಿಲು ಕಂಡ ಮೇಲೆ ಮಂಕು ಎಷ್ಟೋ ಇಳಿಯಿತು. ಚಕ್ರ ಮಾತ್ರ ಹಾಗೇ ಉಳಿಯಿತು.

ಅವತ್ತು ಅವರು ಊಟ ಮಾಡಲಿಲ್ಲ. ದೇವರ ಮನೆಯ ಬಾಗಿಲಲ್ಲಿ ಕೂತು ನನಗೆ ಹೇಳಿದರು: "ಅಣ್ಣಯ್ಯ ಕನ್ನಡಿ ಥರ ಇಟ್ಕೊಂಡಿದ್ದ ಕಾರು. ನಂಬಿ ಬಿಟ್ಟುಹೋದ. ಬಂದು ಇದನ್ನ ನೋಡಿದ್ರೆ ಇನ್ನೊಂದು ಸಲ ಈ ಮೆಟ್ಟಿಲು ಹತ್ತಲ್ಲ ಕಣೇ. ತೆರೆದ ಬಾಗಿಲನ್ನ ನಾನೇ ಹಾಕ್ಕೊಂಡೆ."

ಮೈಸೂರಿನಿಂದ ಯಾರನ್ನಾದರೂ ಕರೆಸಿ ಅಷ್ಟಕ್ಕೆ ಬಣ್ಣ ಹೊಡೆಸೋಣ, ಗೊತ್ತೇ ಆಗುವುದಿಲ್ಲ ಎಂದು ಯಜಮಾನರು ಹೇಳಿದರು.

"ಬೇಡ. ಅವನ ಕಣ್ಣು ಸರಿಹೋಗಲಿ ಅಂತ ಇಟ್ಟಿದ್ದು. ಅವನ ಕಣ್ಣಿಂದ ಬಚ್ಚಿಡೋದಾ? ಇನ್ನು ಮುಂದೆ ಒಂದು ಗೀರೂ ಬೀಳದ ಹಾಗೆ ನೋಡ್ಕೊಳೋಣ. ಅಷ್ಟು ಮಾತ್ರ ನಮ್ಮ ಕೈಲಿರೋದು."

ಮಾರನೆಯ ದಿನ ನನ್ನನ್ನು ಕರೆದುಕೊಂಡು ಪೇಟೆಬೀದಿಯ ಮಲ್ಲಪ್ಪನವರ ಬಟ್ಟೆ ಅಂಗಡಿಗೆ ಹೊರಟರು.

"ಯಾರ್ಗಮ್ಮ ಬಟ್ಟೆ?" ಎಂದರು ಮಲ್ಲಪ್ಪನವರು.

"ಕಾರಿಗೆ."

"ಕಾರ್ ತಕಂಡ್ರಾ? ಯೋಳ್ಲೇ ಇಲ್ಲ."

"ನಮ್ಮಣ್ಣಂದು. ನನ್ನ ಹತ್ರ ಇದೆ." 'ನನ್ನ ಹತ್ರ' ಎನ್ನುವಾಗ ಬೆನ್ನು ನೆಟ್ಟಗಾಯಿತು. ಮರುಕ್ಷಣ ಕುಂಕುಮದ ಚಕ್ರ ನೆನಪಾಯಿತೋ ಏನೋ, ತಲೆ ತಗ್ಗಿತು.

ಮಲ್ಲಪ್ಪನವರು ಹೊಳೆಯುವ ರೆಕ್ಸಿನ್ ಹಾಸಿದರು. "ಇದ್ ತಕಳಿ. ಮಳೆ ಉಯ್ದ್ರೂ ನೀರು ಇಳಿಯಾಕಿಲ್ಲ."

"ಒಳಗಿರೋ ಪಸೆ ಆಚೆಗೆ ಹೋಗುತ್ತಾ?"

"ಅದ್ಯಂಗೋದದಮ್ಮ?"

"ಹಾಗಾದ್ರೆ ಬೇಡ. ಆ ರುಚಿ ನೋಡಿಯಾಗಿದೆ."

ಕ್ಯಾನ್ವಾಸ್ ಬಂತು. ಕೆನ್ನೆಗೆ ಒತ್ತಿದರು, ಮುಖ ಕಿವುಚಿದರು. ನೈಲಾನ್ ಬಂತು. ಬಿಸಿಲಲ್ಲಿ ಅಂಟಿಕೊಳ್ಳುತ್ತದೆಂದು ಸರಿಸಿದರು. ಅಂಗಡಿಯಲ್ಲಿದ್ದವರೆಲ್ಲ ವ್ಯಾಪಾರ ಬಿಟ್ಟು ನೋಡುತ್ತಿದ್ದರು. ನನಗೆ ನಾಚಿಕೆ.

"ಕೆನ್ನೇಲಿ ಬಟ್ಟೆ ನೋಡೋರ್ನ ಇವತ್ತೇ ಕಂಡದ್ದು ಕಣ್ರಮ್ಮ," ಎಂದು ಮಲ್ಲಪ್ಪನವರು ನಕ್ಕರು.

"ಒಲೆ ಮುಂದೆ ಇದ್ದೂ ಇದ್ದೂ ಅಂಗೈಗೆ ಏನೂ ತಿಳಿಯಲ್ಲ ಮಲ್ಲಪ್ಪನೋರೆ. ಕೆನ್ನೆಗೆ ತಿಳಿಯುತ್ತೆ. ಬಣ್ಣ ಅಂದ್ರೆ ಕಾರಿನ ಕೆನ್ನೆ ಅಲ್ವೇ?"

ಕೊನೆಗೆ ಖಾಕಿ ಡ್ರಿಲ್ ಎಂಬ ದಪ್ಪ ಹತ್ತಿ ಬಟ್ಟೆ ಒಪ್ಪಿದರು. ಗಾಳಿ ಆಡುತ್ತದೆ, ಬಿಸಿಲು ತಡೆಯುತ್ತದೆ, ಆದರೆ ಇದು ಹೊರಗಡೆಗೆ ಮಾತ್ರ ಎಂದರು. ಒಳಗಡೆಗೆ ಏನೆಂದು ನಾನು ಕೇಳಿದ್ದಕ್ಕೆ, "ಕೂಸಿಗೆ ಏನು ಹೊದಿಸ್ತೀವೋ ಅದೇ," ಎಂದರು.

ಮನೆಗೆ ಬಂದು ಟ್ರಂಕು ತೆರೆದರು. ಹಳೇ ಹತ್ತಿ ಸೀರೆಗಳನ್ನು ಒಂದೊಂದಾಗಿ ಕೆನ್ನೆಗೆ ಇಟ್ಟು ನೋಡಿ, ಜರಿ ಇದ್ದದ್ದನ್ನು ಗೀರುತ್ತದೆಂದು ಬದಿಗಿಟ್ಟರು. ಆಮೇಲೆ ಹಗ್ಗದ ಮೇಲಿಂದ ಒಂದು ಸಂಪಿಗೆ ಬಣ್ಣದ ಸೀರೆ ತಂದರು. ನಾನು ಆ ಮನೆಗೆ ಬಂದಾಗಿನಿಂದ ಅವರ ಮೈಮೇಲೆ ಹೆಚ್ಚಾಗಿ ಕಂಡದ್ದು ಅದೇ. ಅಣ್ಣ ಕೊನೆಯ ಸಲ ಗೌರಿಹಬ್ಬಕ್ಕೆ ತಂದದ್ದೆಂದು ಮಾವನವರಿಂದ ನನಗೆ ಗೊತ್ತಿತ್ತು.

"ಇದು ಬೇಡ ಅತ್ತೆ. ಇನ್ನೂ ಉಡಬಹುದು."

"ಇದಕ್ಕಿಂತ ಮೆತ್ತಗಿರೋದು ನನ್ನ ಹತ್ರ ಇಲ್ಲ. ಬಾನೆಟ್ಟಿನ ಭಾಗಕ್ಕೆ ಹಾಕು."

ನಾನು ಮಿಷನ್ ತುಳಿದೆ, ಅವರು ಬಟ್ಟೆ ಹಿಡಿದರು. ಗುಂಡಿ ಬೇಡ, ಕೊಕ್ಕೆ ಬೇಡ, ಬಣ್ಣಕ್ಕೆ ತಾಗುತ್ತದೆ ಎಂದು ಬರೀ ಲಾಡಿ ಇಡಿಸಿದರು. ಗಾಳಿಗೆ ಪಟಪಟ ಬಡಿದರೆ ಉಜ್ಜುತ್ತದೆಂದು ಕಾರಿನ ಹೊಟ್ಟೆಯ ಕೆಳಗೆ ಕಟ್ಟುವಂತೆ ಮಾಡಿಸಿದರು. ಟಾರ್ಪಾಲನ್ನು ಎಸೆಯಲಿಲ್ಲ. ನಾಲ್ಕು ಗಳ ನೆಟ್ಟು, ಮಳೆಗೆ ಚಪ್ಪರದಂತೆ ಎತ್ತರಕ್ಕೆ ಕಟ್ಟಿಸಿದರು. ಅಲ್ಲಿಂದ ಮುಂದೆ ಅದೊಂದು ನೇಮವಾಯಿತು. ಹೊದಿಸುವ ಮುಂಚೆ ಧೂಳು ಹೊಡೆಯಬೇಕು, ಇಲ್ಲದಿದ್ದರೆ ಮೆತ್ತನೆಯ ಬಟ್ಟೆಯೂ ಉಪ್ಪುಕಾಗದ. ಒದ್ದೆ ಇದ್ದರೆ ಹೊದಿಸಬಾರದು. ಬಿಸಿಲಿಗೆ ಕಾದಿದ್ದರೆ ಆರಲು ಬಿಡಬೇಕು. ಶುಕ್ರವಾರದ ಬೊಟ್ಟು ತಪ್ಪಲಿಲ್ಲ, ಆದರೆ ಸಂಜೆ ದೀಪ ಹಚ್ಚುವ ಮೊದಲು ಅದನ್ನು ಒರೆಸಿ ತೆಗೆಯುವರು. "ಇಟ್ಟಿದ್ದು ದೇವರಿಗೆ ತಲುಪಿರುತ್ತೆ. ಗುರುತು ಯಾಕೆ?" ಎಂದು ತಮಗೆ ತಾವೇ ಹೇಳಿಕೊಳ್ಳುವರು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮೂರ್ತಿ ಮಾವ ಬಸ್ಸಿನಲ್ಲಿ ಬಂದಿಳಿದರು. ಸೋಡಾ ಬುಡ್ಡಿಯ ತಳದಂಥ ಕನ್ನಡಕ. ದೂರದಿಂದಲೇ, "ಕಾವೇರಿ, ತಲೆಯೆಲ್ಲ ಬೆಳ್ಳಗಾಗಿದೆಯಲ್ಲೇ," ಎಂದರು. ಅಣ್ಣನಿಗೆ ಕಣ್ಣು ಕಾಣುತ್ತಿದೆಯೆಂದು ಅತ್ತೆಯವರು ಅಲ್ಲೇ ಕೈಮುಗಿದರು. ಕಾಫಿ ಕೊಟ್ಟರು, ಉಪ್ಪಿಟ್ಟು ಕೊಟ್ಟರು, ಮತ್ತೆ ಕಾಫಿ ಕೊಟ್ಟರು. ಕೊಡಲು ಇನ್ನೇನೂ ಉಳಿಯದೆ ಅಂಗಳಕ್ಕೆ ನಡೆದರು.

ಹೊದಿಕೆಯನ್ನು ತಾವೇ ಬಿಚ್ಚಿದರು. ಡಿಕ್ಕಿಯ ಕಡೆಯಿಂದ ಶುರುಮಾಡಿ, ಒಂದೊಂದು ಲಾಡಿ ಎಳೆದು, ಮಡಿಸುತ್ತಾ ಮಡಿಸುತ್ತಾ ಮುಂದಕ್ಕೆ ಬಂದರು. ಬಾಗಿಲು, ಛಾವಣಿ ಎಲ್ಲ ಹೊಸದರಂತೆ ಹೊಳೆಯುತ್ತಿತ್ತು. ಕೊನೆಗೆ ಬಾನೆಟ್ಟು. ಮಡಿಕೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು.

ಮೂರ್ತಿ ಮಾವ ಬಗ್ಗಿದರು. "ಇದೇನೆ ಇದು?"

"ಕುಂಕುಮ. ನಾನೇ ಇಟ್ಟಿದ್ದು. ಒದ್ದೇಲಿ ಮುಚ್ಚಿಬಿಟ್ಟೆ. ಹೋಗ್ತಿಲ್ಲ ಅಣ್ಣಯ್ಯ."

ಅವರು ಚಕ್ರದ ಮೇಲೆ ಬೆರಳಾಡಿಸಿದರು. ಆಮೇಲೆ ಅವರ ಕಣ್ಣು ತಂಗಿಯ ಎದೆಗೆ ಒತ್ತಿದ್ದ ಮಡಿಕೆಯ ಕಡೆ ಹೋಯಿತು. ಒಳಮೈ ಹೊರಗಾಗಿತ್ತು. ತುದಿ ಹಿಡಿದು ಕನ್ನಡಕದ ಹತ್ತಿರ ತಂದರು.

"ಇದು ನಾನು ತಂದ ಸೀರೆ ಅಲ್ವೇನೆ?"

"ಹೂಂ."

"ಹರಿದು ಕಾರಿಗೆ ಹೊಲಿದುಬಿಟ್ಯಾ?"

"ಮೆತ್ತಗಿತ್ತು. ಮಾತಿಲ್ಲದ ಅಷ್ಟೂ ವರ್ಷ ಉಟ್ಟಿದೀನಲ್ಲ."

ಮಾವ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಆಮೇಲೆ ಮುಂದಿನ ಬಾಗಿಲು ತೆರೆದು, "ಹತ್ತು," ಎಂದರು.

"ಒಲೆ ಮೇಲೆ ಹುಳಿ ಇದೆ."

"ಸರೋಜ ನೋಡ್ಕೋತಾಳೆ. ಹತ್ತು, ನರಸೀಪುರಕ್ಕೆ ಹೋಗೋಣ."

ಅತ್ತೆಯವರು ಹತ್ತಿದರು. ಕಾರು ಮಾತ್ರ ಹೊರಡಲಿಲ್ಲ. ಅಷ್ಟು ತಿಂಗಳು ನಿಂತು ಬ್ಯಾಟರಿ ಸತ್ತುಹೋಗಿತ್ತು. ಹೊದಿಸುವುದರಲ್ಲಿದ್ದ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಬೀದಿಯವರೆಲ್ಲ ಸೇರಿ ತಳ್ಳಿ ಸ್ಟಾರ್ಟ್ ಮಾಡಿಸಿದರು. ಒಳಗಿಂದ ಇವರು, "ಬಣ್ಣಕ್ಕೆ ಉಗುರು ತಾಗಿಸಬೇಡ್ರೋ," ಎನ್ನುತ್ತಲೇ ತವರಿಗೆ ಹೋದರು. ನಾಲ್ಕು ದಿನ ಇದ್ದು ಬಂದರು. ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ. ಅಷ್ಟು ದಿನವೂ ನನಗೆ ಅಡುಗೆಮನೆ ಬಿಕೋ ಎನ್ನುತ್ತಿತ್ತು. ಆದರೂ ಆ ನಾಲ್ಕು ದಿನ ಕೊಟ್ಟದ್ದಕ್ಕೆ ನಂಜುಂಡಪ್ಪನಿಗೆ ತುಪ್ಪದ ದೀಪ ಹಚ್ಚಿ ಬಂದೆ.

ಅಲ್ಲಿಂದ ಮುಂದೆ ಯಾವ ಗೌರಿಹಬ್ಬವೂ ತಪ್ಪಲಿಲ್ಲ. ಆಯುಧಪೂಜೆಗೂ ಕಾರು ನಮ್ಮ ಮನೆಗೇ ಬರುತ್ತಿತ್ತು. ನಡುವೆ ಒಮ್ಮೆ ಮೂರ್ತಿ ಮಾವ ಕಾರಿಗೆಲ್ಲ ಹೊಸ ಬಣ್ಣ ಹೊಡೆಸಿದಾಗ ಬಾನೆಟ್ಟಿಗೆ ಮಾತ್ರ ಹೊಡೆಸಲಿಲ್ಲವಂತೆ. ಬಣ್ಣದವನು ಚೆನ್ನಾಗಿ ಕಾಣುವುದಿಲ್ಲ ಎಂದದ್ದಕ್ಕೆ, "ನನಗೆ ಕಣ್ಣು ಕಾಣುತ್ತಪ್ಪ, ನೀನು ನಿನ್ನ ಕೆಲಸ ನೋಡು," ಎಂದರಂತೆ.

ಅತ್ತೆಯವರು ಎಂಬತ್ತರ ದಶಕದ ನಡುವೆ ಒಂದು ಆಷಾಢದಲ್ಲಿ ಹೋದರು. ಹಾಸಿಗೆ ಹಿಡಿಯಲಿಲ್ಲ, ಯಾರಿಂದಲೂ ನೀರು ಕೇಳಿ ಕುಡಿಯಲಿಲ್ಲ, ಮಾವನವರಿಗಿಂತ ಮುಂಚೆ, ಹಣೆಯ ಕುಂಕುಮದೊಂದಿಗೇ ಹೋದರು. ಅವರು ದಿನಾ ಬೇಡಿಕೊಳ್ಳುತ್ತಿದ್ದದ್ದು ಇಷ್ಟೇ. ಆ ವರ್ಷ ನಮಗೆ ಹಬ್ಬವಿಲ್ಲ. ಮೀಟರು, ರೇಡಿಯೋ, ಹೊಲಿಗೆ ಮಿಷನ್ನು ಎಲ್ಲವೂ ಬರಿಹಣೆಯಲ್ಲಿ ಕೂತಿದ್ದವು.

ವರ್ಷಾಂತಿಕ ಕಳೆದು ಬಂದ ಆಯುಧಪೂಜೆಯ ಬೆಳಿಗ್ಗೆ ಕಾರಿನ ಸದ್ದು ಕೇಳಿಸಿತು. ಬರಲಾರರೆಂದುಕೊಂಡಿದ್ದೆ. ಮೂರ್ತಿ ಮಾವ ಅಂಗಳದಲ್ಲಿ ಅದೇ ಬೇವಿನ ಮರದ ಹತ್ತಿರ ನಿಲ್ಲಿಸಿ, ಕೋಲೂರಿ ಇಳಿದರು. ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದು, ಎಲ್ಲಿ ಇಡುವುದೆಂದು ತಿಳಿಯದೆ ನಿಂತೆ.

"ಅಲ್ಲೇ ಇಡಮ್ಮ," ಎಂದರು.

ಮಾಸಿದ ಚಕ್ರದ ಮೇಲೆಯೇ ಇಟ್ಟೆ. ಆರತಿ ಮಾಡಿದೆ. ಸಂಜೆ ದೀಪ ಹಚ್ಚುವ ಮೊದಲು, ಅತ್ತೆಯವರು ಹೇಳಿಕೊಟ್ಟ ಹಾಗೆ, ಹಳೇ ಸೀರೆಯ ತುಂಡು ತಂದು ಒರೆಸಿದೆ. ನಾನು ಇಟ್ಟದ್ದೆಲ್ಲ ಬಟ್ಟೆಗೆ ಬಂತು. ಅವರು ಇಟ್ಟದ್ದು ಅಲ್ಲೇ ಇತ್ತು.